ಹೋಗುವ ಹೊಲಿಗೆ, ಬರುವ ಹೊಲಿಗೆ

ಚಿಕ್ಕಮಗಳೂರಿನಿಂದ ಬಾಬಾಬುಡನ್ ಗಿರಿಗೆ ಹೊರಟ ಬಸ್ಸು ಕೈಮರವನ್ನು ದಾಟಿ, ಸಿಲ್ವರ್ ಓಕ್ ಮರಗಳ ಮೈಗೆ ಹಬ್ಬಿದ ಮೆಣಸಿನ ಬಳ್ಳಿಗಳನ್ನೂ, ಅವುಗಳ ನೆರಳಿನಲ್ಲಿ ಹಸಿರು ಕಾಯಿ ಹೊತ್ತು ನಿಂತಿದ್ದ ಕಾಫಿ ಗಿಡಗಳನ್ನೂ ತಿರುವಿಗೆ ಒಂದಿಷ್ಟರಂತೆ ಹಿಂದೆ ಬಿಡುತ್ತ ಮೇಲೇರತೊಡಗಿದಾಗ, ಭಾದ್ರಪದದ ಆ ಬೆಳಗಿನಲ್ಲಿ ನನ್ನ ತೊಡೆಯ ಮೇಲಿದ್ದ ಕೈಚೀಲದೊಳಗೆ ಅರ್ಧಕ್ಕೆ ನಿಂತ ಒಂದು ಕುಂಚಿಗೆಯಿತ್ತು. ಧಾರವಾಡದ ನಮ್ಮ ಮನೆಯಲ್ಲಿ ಅವ್ವ ಅದನ್ನು ಯಾವ ಕೂಸಿಗೆಂದು ಆರಂಭಿಸಿದ್ದಳೋ ಆ ಕೂಸು ಈಗ ಕಾಲೇಜಿಗೆ ಹೋಗುತ್ತಿರುವುದು. ಕುಂಚಿಗೆಯ ಬೆನ್ನಿಗೆ ಇಳಿಯುವ ಭಾಗದಲ್ಲಿ ತೆಗೆದ ತುಳಸೀ ವೃಂದಾವನ ಮಾತ್ರ ಇನ್ನೂ ಚುಕ್ಕಿ ಚುಕ್ಕಿಯಾಗಿಯೇ ಉಳಿದಿರುವುದು. ನಡುವೆ ಅವ್ವನ ಕಣ್ಣಿಗೆ ಪೊರೆ ಬಂದಿತು. ಪೊರೆಯನ್ನು ತೆಗೆಸಿದ ಮೇಲೆ ಆಕೆ ಒಂದು ದಿನ ಅದನ್ನು ಕೈಗೆತ್ತಿಕೊಂಡು, ಬಾಗಿಲ ಬೆಳಕಿಗೆ ಹಿಡಿದು, ಮತ್ತೆ ಮಡಚಿ ನನ್ನ ಕೈಗಿತ್ತು, “ಕಣ್ಣ ಬಂತು, ಎಣಿಕಿ ಬರಲಿಲ್ಲ” ಎಂದಳು. ಅಂದಿನಿಂದ ಅದು ನಾನು ಹೋದೆಡೆಗೆಲ್ಲ ಬರುತ್ತಿದೆ. ಯಾವ ಊರಿನಲ್ಲಿಯೂ ನಾನು ಅದನ್ನು ಚೀಲದಿಂದ ಹೊರಗೆ ತೆಗೆದವಳಲ್ಲ.

ಚುಕ್ಕಿ ಚುಕ್ಕಿಯಾಗಿ ಎಂದೆನಷ್ಟೆ. ಕಸೂತಿಯ ಗವಂತಿ ಹೊಲಿಗೆಯ ಕ್ರಮವನ್ನು ಕಾಣದವರಿಗೆ ಆ ಮಾತು ಅರ್ಥವಾಗದು. ಕಸೂತಿಗೆ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ರೂಢಿಯಿಲ್ಲ. ಹಾಸುಹೊಕ್ಕಿನ ಎಳೆಗಳನ್ನು ಎಣಿಸುತ್ತ, ಇಷ್ಟೆಳೆ ಮೇಲೆ ಇಷ್ಟೆಳೆ ಕೆಳಗೆ ಎಂಬ ಲೆಕ್ಕದಲ್ಲಿ ಸೂಜಿ ಮುಂದೆ ಸಾಗುವುದು. ಹಾಗೆ ಸಾಗುವಾಗ ಗೆರೆಯ ಅರ್ಧ ಮಾತ್ರ ಮೂಡಿ ಮಿಕ್ಕರ್ಧ ಎಡೆಯಾಗಿ ಉಳಿಯುವುದು. ತುದಿಯನ್ನು ಮುಟ್ಟಿದ ಸೂಜಿ ಬಂದ ದಾರಿಯಲ್ಲಿಯೇ ಹಿಂದಿರುಗುತ್ತ, ಹೋಗುವಾಗ ಬಿಟ್ಟ ಎಡೆಗಳನ್ನೆಲ್ಲ ಬರುವಾಗ ತುಂಬುವುದು. ಆಗ ಬಟ್ಟೆಗೆ ಮೇಲ್ಮೈ ಒಳಮೈ ಎಂಬ ಭೇದ ಉಳಿಯದು. ಮುರ್ಗಿ ಎಂಬ ಹೊಲಿಗೆಯೂ ಹೀಗೆಯೇ, ಮೆಟ್ಟಿಲು ಮೆಟ್ಟಿಲಾಗಿ ಏರುವುದೊಂದೇ ವಿಶೇಷ. ನೇಗಿಯಲ್ಲಿ ನೆಯ್ಗೆಯ ಭ್ರಮೆ ಹುಟ್ಟುವುದು. ಮೆಂತೆ ಕತ್ತರಿಗೆರೆಗಳಿಂದ ಗೋಪುರ, ತೇರುಗಳ ಒಡಲನ್ನು ತುಂಬುವುದು. ಗವಂತಿ ಎಂಬ ಹೆಸರು ಗಂಟು ಎಂಬ ಮಾತಿನಿಂದ ಬಂದುದೆಂದು ಹೇಳುವರು. ವಿಚಿತ್ರವೆಂದರೆ ಕಸೂತಿಯಲ್ಲಿ ಗಂಟೊಂದೇ ನಿಷಿದ್ಧ. ದಾರದ ಮೊದಲೂ ಕೊನೆಯೂ ಹೊಲಿಗೆಯ ಒಡಲಿನಲ್ಲಿಯೇ ಅಡಗಬೇಕು. ಯುರೋಪಿನವರು ಈ ಬಗೆಯ ಹೊಲಿಗೆಗೆ ಹದಿನಾರನೆಯ ಶತಮಾನದ ಚಿತ್ರಕಾರ ಹೋಲ್ಬೈನನ ಹೆಸರನ್ನಿಟ್ಟಿರುವರು. ಅವನು ಚಿತ್ರಿಸಿದ ಶ್ರೀಮಂತರ ಅಂಗಿಗಳ ಅಂಚಿನಲ್ಲಿ ಅದು ಕಾಣುವುದೇ ಅದಕ್ಕೆ ಕಾರಣ. ಹೊಲಿದ ಹೆಂಗಸರು ಯಾರೋ, ಹೆಸರು ಹೊತ್ತವನು ಅದನ್ನು ನೋಡಿ ಬಣ್ಣ ಬಳಿದವನು!

ಬಸ್ಸು ಏರುತ್ತಿದ್ದ ಈ ಬೆಟ್ಟಸಾಲಿಗೆ ಚಂದ್ರದ್ರೋಣ ಎಂದು ಹೆಸರು ಬಂದುದು ಅದು ಬಾಲಚಂದ್ರನಂತೆ ಬಾಗಿರುವುದರಿಂದ. ನಮ್ಮ ಕಡೆ ಕಸೂತಿಗೆಂದೇ ಮೀಸಲಾದ ಕಪ್ಪು ರೇಷ್ಮೆಯ ಸೀರೆಯನ್ನು ಚಂದ್ರಕಾಳಿ ಎನ್ನುವರು. ಕಪ್ಪು ಒಡಲಿನ ಮೇಲೆ ಕೆಂಪು, ಕಿತ್ತಳೆ, ಹಸಿರುಗಳಲ್ಲಿ ಆನೆ, ನವಿಲು, ಪಲ್ಲಕ್ಕಿ, ತೊಟ್ಟಿಲುಗಳನ್ನು ಹೊತ್ತ ಆ ಸೀರೆಗೂ ಈ ಬೆಟ್ಟಕ್ಕೂ ಹೆಸರಿನಲ್ಲಿ ಬಿದ್ದ ಈ ನಂಟನ್ನು ಮನಸ್ಸಿನಲ್ಲಿ ಹೊರಳಿಸುತ್ತ ಕುಳಿತಿದ್ದಾಗಲೇ ಕವಿಕಲ್ ಗಂಡಿಯ ಬಳಿ ಮಂಜು ಬಸ್ಸನ್ನು ನುಂಗಿತು. ಕರ್ನಾಟಕದಲ್ಲಿಯೇ ಅತ್ಯುನ್ನತವಾದ, 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಎಡಗಡೆಯಲ್ಲಿ ಎಲ್ಲಿಯೋ ಇರಬೇಕು. ನನಗೆ ಕಂಡುದು ಕಿಟಕಿಯ ಸರಳೂ ಅದರ ಮೇಲಿನ ನೀರಹನಿಯೂ ಅಷ್ಟೆ. ಒಂದು ಗಳಿಗೆ ರಸ್ತೆಯ ಅಂಚಿನ ಕಲ್ಲು ಕಾಣುವುದು, ಮರುಗಳಿಗೆ ಏನೂ ಇಲ್ಲ; ಮತ್ತೆ ಒಂದು ಪೊದೆ, ಮತ್ತೆ ಏನೂ ಇಲ್ಲ.

“ಅತ್ತಿಗುಂಡಿ, ಅತ್ತಿಗುಂಡಿ” ಎಂದು ನಿರ್ವಾಹಕ ಕೂಗಿದನು. ಅತ್ತಿಯ ಮರವಿದ್ದ ತಗ್ಗು ಎಂಬುದೇ ಆ ಊರಿನ ಹೆಸರಿನ ಸಹಜವಾದ ಅರ್ಥವಾಗಿರಬಹುದು. ಆದರೆ ದಕ್ಷಿಣದ ಸೀಮೆಯ ಅನೇಕರ ಬಾಯಲ್ಲಿ ಹಕಾರ ನಿಲ್ಲದೆ ಹತ್ತಿಯೂ ಅತ್ತಿಯೇ ಆಗುವುದರಿಂದಲೂ, ಗುಂಡಿ ಎಂಬ ಮಾತು ಅಂಗಿಗೂ ಸಲ್ಲುವುದರಿಂದಲೂ, ಸೂಜಿದಾರದ ಧ್ಯಾನದಲ್ಲಿದ್ದ ನನ್ನ ಕಿವಿಗೆ ಅದು ಹತ್ತಿಬಟ್ಟೆಗೆ ಹೊಲಿದ ಗುಂಡಿಯಂತೆ ಕೇಳಿಸಿತು. ನಿರುಕ್ತಕಾರರು ಕ್ಷಮಿಸಲಿ, ಈ ಮಳೆಯಲ್ಲಿ ಹತ್ತಿ ಬೆಳೆಯದೆಂಬುದನ್ನು ನಾನೂ ಬಲ್ಲೆ.

ಊರೆಂದರೆ ರಸ್ತೆಯ ಬದಿಯ ಕೆಲವು ಅಂಗಡಿಗಳು, ಅವುಗಳ ಹಿಂದೆ ಇಳಿಜಾರಿನಲ್ಲಿ ಚೆದರಿದ ಮನೆಗಳು. ಗಿರಿಯಿಂದ ಇಳಿಯುವವರೂ ಏರುವವರೂ ಇಲ್ಲಿ ನಿಂತು ಚಹ ಕುಡಿದು, ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿಯನ್ನೋ ಆಮ್ಲೆಟನ್ನೋ ತಿಂದು ಮುಂದುವರಿಯುವರು. ಕೈಕಾಲು ಮರಗಟ್ಟಿದ್ದುದರಿಂದ ಮುಂದಿನ ಬಸ್ಸಿಗೆ ಹೋದರಾಯಿತೆಂದು ನಾನು ಇಳಿದುಬಿಟ್ಟೆನು.

ನಾನು ಹೊಕ್ಕ ಅಂಗಡಿಯ ಒಲೆಯ ಪಕ್ಕದಲ್ಲಿ ಒಬ್ಬ ಮುದುಕಿ, ಕಂಬಳಿಯ ಕೊಪ್ಪೆಯನ್ನು ತಲೆಗೇರಿಸಿಕೊಂಡು, ಕಾಲು ಚಾಚಿ ಕುಳಿತು, ದಬ್ಬಣದಿಂದ ಹರಕು ಗೋಣಿಚೀಲದ ಬಾಯನ್ನು ಹೊಲಿಯುತ್ತಿದ್ದಳು. ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಚಿದರೆ ಕೊಪ್ಪೆ; ಅದು ದೊಡ್ಡವರ ಕುಂಚಿಗೆಯೇ ಸರಿ. ಆಕೆಯ ಮಗ್ಗುಲಲ್ಲಿ ಅರ್ಧ ಸುತ್ತಿಟ್ಟ ಕೌದಿಯೊಂದಿತ್ತು. ಮಾತು ನಮ್ಮ ಕಡೆಯದೆಂದು ಕೇಳಿದೊಡನೆ ತಿಳಿಯಿತು. ಕೊಪ್ಪಳದ ಕಡೆಯಿಂದ ಗಂಡನೊಡನೆ ತೋಟದ ಕೆಲಸಕ್ಕೆ ಬಂದವಳು, ಮರಳಿ ಹೋಗದೆ ಇಲ್ಲಿಯೇ ನಿಂತವಳು. ಕೊಯ್ಲು ಇನ್ನೂ ತಿಂಗಳುಗಳಾಚೆ ಇದ್ದರೂ ಚೀಲಗಳನ್ನು ಈಗಲೇ ನೆಟ್ಟಗೆ ಮಾಡಿಡಬೇಕಂತೆ. “ಇದು ಹೊಟ್ಟಿಗಿ ಹೊಲಿಯೂದು, ಅದು ಮೈಗೆ ಹೊಲಿಯೂದು” ಎಂದು ಒಮ್ಮೆ ಚೀಲವನ್ನೂ ಒಮ್ಮೆ ಕೌದಿಯನ್ನೂ ತೋರಿಸಿದಳು. ಇಷ್ಟು ಮಬ್ಬಿನಲ್ಲಿ ಕಣ್ಣಿಗೆ ಕಾಣುವುದೆ ಎಂದು ನಾನು ಕೇಳಿದುದಕ್ಕೆ ಆಕೆ ಉತ್ತರ ಕೊಡಲಿಲ್ಲ. ಚೀಲವನ್ನು ಬದಿಗಿಟ್ಟು ಕೌದಿಯನ್ನು ತೊಡೆಗೆಳೆದುಕೊಂಡು, ನನ್ನ ಮುಖವನ್ನೇ ನೋಡುತ್ತ ಎಂಟು ಹತ್ತು ಹೊಲಿಗೆ ಹಾಕಿದಳು. ಎಡಗೈಯ ಹೆಬ್ಬೆರಳು ಹಿಂದಿನ ಸಾಲಿನ ಉಬ್ಬನ್ನು ಸವರುತ್ತ ಮುಂದೆ ಹೋದಂತೆ ಬಲಗೈಯ ಸೂಜಿ ಅದರ ಬೆನ್ನು ಹಿಡಿದು ಹೋಗುವುದು. ಕಸೂತಿ ಬಯಲಿನ ಬೆಳಕಿನ ಕೂಸು, ಮಧ್ಯಾಹ್ನದ ಪಡಸಾಲೆ ಇಲ್ಲದೆ ಅದು ಬೆಳೆಯದು. ಕೌದಿಗೆ ಮಂಜಾದರೇನು, ಕತ್ತಲೆಯಾದರೇನು!

ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಇಪ್ಪತ್ತೈದರ ಆಸುಪಾಸಿನ ಹುಡುಗಿಯೊಬ್ಬಳು ಮರದ ಬಳೆಗೆ ಬಿಗಿದ ಬಿಳಿಯ ಬಟ್ಟೆಯ ಮೇಲೆ ಬಿಳಿಯ ದಾರದಲ್ಲಿಯೇ ಏನನ್ನೋ ಹೊಲಿಯುತ್ತಿದ್ದಳು. ಬೆಂಗಳೂರಿನವಳು; ಗಣಕಯಂತ್ರದ ಮುಂದೆ ಕುಳಿತು ದುಡಿಯುವವಳು. ಪ್ರವಾಸದಲ್ಲಿ ದಿನಕ್ಕೊಂದು ಬಟ್ಟೆಯ ತುಂಡಿನ ಮೇಲೆ ಅಂದು ಕಂಡುದನ್ನು ಹೊಲಿದಿಡುವುದು ಅವಳ ವ್ರತ. ದಿನಚರಿ ಬರೆದರೆ ಸುಳ್ಳು ಬರೆಯುವ ಚಪಲ ಬರುವುದೆಂದೂ, ದಾರ ನಿಧಾನವಾದುದರಿಂದ ಅಷ್ಟು ಹೊತ್ತು ಸುಳ್ಳನ್ನು ಹಿಡಿದಿಡಲು ಆಗುವುದಿಲ್ಲವೆಂದೂ ಹೇಳಿದಳು. ಈ ದಿನ ಬೆಳಗಿನಿಂದ ಮಂಜಲ್ಲದೆ ಬೇರೇನೂ ಕಾಣದಿದ್ದುದರಿಂದ ಬಿಳಿಯ ಮೇಲೆ ಬಿಳಿ. ನಾನು ಅದನ್ನು ಕೈಗೆ ತೆಗೆದುಕೊಂಡು, ನಮ್ಮ ಕಡೆಯ ಹೆಂಗಸರೆಲ್ಲ ಮಾಡುವಂತೆ, ಮೊದಲು ತಿರುವಿ ಹಾಕಿ ಹಿಂಬದಿಯನ್ನು ನೋಡಿದೆನು. ಗಂಟುಗಳೋ ಗಂಟುಗಳು! ಒಂದೆಡೆಯಿಂದ ಇನ್ನೊಂದೆಡೆಗೆ ಹಾರಿದ ದಾರಗಳು, ಉದ್ದ ಗಿಡ್ಡ ಹೊಲಿಗೆಗಳು, ಎಣಿಕೆಯ ಸುಳಿವೇ ಇಲ್ಲ. ನನ್ನ ಮುಖದಲ್ಲಿ ಮೂಡಿದುದನ್ನು ಕಂಡು ಆಕೆ ನಕ್ಕು, “ಹಿಂದೆ ನೋಡಬೇಡಿ ಆಂಟಿ, ಅದು ನಂದು” ಎಂದಳು.

ಮುಂದಿನ ಬಸ್ಸಿನಲ್ಲಿ ಕುಳಿತು ಗಿರಿಯ ಕಡೆಗೆ ಹೋಗುತ್ತಿದ್ದಾಗ ಆ ಮಾತು ಅಪ್ರಿಯವಾದ ಸತ್ಯದಂತೆ ನನ್ನನ್ನು ಕಾಡಿತು. ವಾತ್ಸ್ಯಾಯನನು ಎಣಿಸಿದ ಅರವತ್ತನಾಲ್ಕು ಕಲೆಗಳಲ್ಲಿ ಸೂಚೀವಾನಕರ್ಮಕ್ಕೆ ಸ್ಥಾನವುಂಟು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವನುಂಟು, ಕದಿರ ರೆಮ್ಮವ್ವೆಯುಂಟು. ಆದರೆ ಅಲ್ಲಿ ಒಂದೆಡೆ ಅದು ನಾಗರಿಕತೆಯ ಅಲಂಕಾರ, ಇನ್ನೊಂದೆಡೆ ಕಾಯಕ. ಹೊಲಿದವಳ ಮನಸ್ಸಿನ ಮಾತನ್ನು ಹೊಲಿಗೆಯಿಂದಲೇ ಕೇಳಬಹುದೆಂಬ ವಿಚಾರಕ್ಕೆ ಈಚಿನವರೆಗೆ ಯಾರೂ ಕಿವಿಗೊಟ್ಟಂತಿಲ್ಲ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ದೇಶದ ಕೈಕಸುಬುಗಳಿಗೆ ಮರುಜೀವ ತುಂಬಲು ಪಟ್ಟ ಶ್ರಮ ಅಸಾಧಾರಣವಾದುದು. ಅವರಂಥವರಿಲ್ಲದಿದ್ದರೆ ಕಸೂತಿ ಇಂದು ವಸ್ತುಸಂಗ್ರಹಾಲಯದ ಗಾಜಿನ ಹಿಂದಿರುತ್ತಿತ್ತು. ಆದರೆ ಕಸುಬನ್ನು ಉಳಿಸುವ ಭರದಲ್ಲಿ ನಾವು ಹಲವು ಬಾರಿ ನಮೂನೆಯನ್ನು ಉಳಿಸಿ ಮನುಷ್ಯಳನ್ನು ಮರೆತೆವೋ ಏನೋ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1755 ಕಸೂತಿ ತುಣುಕುಗಳನ್ನು ಒಂದೆಡೆ ಹರವಿ ಗಿನ್ನೆಸ್ ದಾಖಲೆಯನ್ನು ಪಡೆದರು. ಕನ್ನಡಿ, ಕವಡೆಗಳಿಂದ ಮಿನುಗುವ ಆ ಕೆಲಸದ ಬೆಡಗನ್ನು ನಾನು ಬಲ್ಲೆ. ಅದಕ್ಕೆ ಸಂದ ಮನ್ನಣೆಯಿಂದ ಸಂತೋಷವೂ ಆಯಿತು. ಆದರೂ ಅಲ್ಲಿ ಎಣಿಸಿದುದು ತುಣುಕುಗಳನ್ನು. ಯಾವ ತುಣುಕಿನಲ್ಲಿ ಯಾರು ಏಕೆ ಹಳದಿಯ ಬದಲಿಗೆ ನೀಲಿಯನ್ನು ಹಿಡಿದಳೆಂಬುದು ದಾಖಲೆಗೆ ಸೇರುವ ವಿಷಯವಲ್ಲ.

ಹೊರದೇಶಗಳಲ್ಲಿ ಇದಕ್ಕೆ ಪ್ರತಿಯಾದ ದೃಷ್ಟಾಂತಗಳಿವೆ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ 1830ರ ಸುಮಾರಿನ ಒಂದು ನಾರುಬಟ್ಟೆಯಿದೆ. ಎಲಿಜಬೆತ್ ಪಾರ್ಕರ್ ಎಂಬ ಮನೆಗೆಲಸದ ಹುಡುಗಿ, ತನಗೆ ಬರೆಯಲು ಬಾರದೆಂದು ಆರಂಭಿಸಿ, ಯಜಮಾನನಿಂದ ತಾನು ಉಂಡ ಹಿಂಸೆಯನ್ನೂ ಸಾಯಲು ಬಯಸಿದುದನ್ನೂ ಕೆಂಪು ದಾರದಲ್ಲಿ, ನಮ್ಮ ಮೆಂತೆಯಂಥ ಕತ್ತರಿಹೊಲಿಗೆಯಲ್ಲಿ, ಸಾಲು ಸಾಲಾಗಿ ಅಕ್ಷರಕ್ಕಿಳಿಸಿದ್ದಾಳೆ. ಒಂದು ಹೂವಿಲ್ಲ, ಅಂಚಿಲ್ಲ. ಬರಹ ವಾಕ್ಯದ ನಡುವೆಯೇ ನಿಂತುಹೋಗಿದೆ. ಅಂಗಡಿಯ ಮುದುಕಿ ಹೊಲಿಯುತ್ತಿದ್ದ ಗೋಣಿತಾಟನ್ನು ಕಂಡಾಗ ನನಗೆ ನೆನಪಾದುದು ಚಿಲಿ ದೇಶ. ಅಲ್ಲಿ ಗೋಣಿಗೆ ಅರ್ಪಿಯೆರಾ ಎನ್ನುವರು. ಅಲ್ಲಿನ ಗಾಯಕಿ ವಿಯೊಲೆತಾ ಪಾರ್ರಾ ಗೋಣಿಯ ಮೇಲೆ ಉಣ್ಣೆಯಿಂದ ಹೊಲಿದ ಚಿತ್ರಗಳನ್ನು 1964ರಲ್ಲಿ ಪ್ಯಾರಿಸ್ಸಿನ ಲೂವ್ರ್ ಅರಮನೆಯಲ್ಲಿ ಪ್ರದರ್ಶಿಸಿದಳು. 1973ರ ಸೈನಿಕ ದಂಗೆಯ ಅನಂತರ, ಗಂಡನನ್ನೋ ಮಗನನ್ನೋ ಕಳೆದುಕೊಂಡ ತಾಯಂದಿರು ಗೋಣಿಯ ಮೇಲೆ ಹಳೆಯ ಬಟ್ಟೆಯ ಚೂರುಗಳನ್ನು ಹಚ್ಚಿ, ಬಾಯಲ್ಲಿ ಹೇಳಿದರೆ ಜೈಲಾಗುವಂಥ ಸಂಗತಿಗಳನ್ನು ಗೊಂಬೆಯಾಟದಂತೆ ಹೊಲಿದು ದೇಶದಾಚೆ ಕಳುಹಿಸಿದರು.

ಅಷ್ಟು ದೂರವಾದರೂ ಏಕೆ ಹೋಗಬೇಕು? ಈ ಗಿರಿಗಳ ಆಚೆಗೆ, ಭದ್ರಾ ನದಿಯ ದಡದ ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡರು, ಚಿತ್ರಕಲೆಯನ್ನು ಕಲಿತು ಕುಂಚವನ್ನು ಬದಿಗಿಟ್ಟು, 1990ರ ದಶಕದ ಕೊನೆಯಲ್ಲಿ ಮಾಡಿದ ಒಂದು ಕೃತಿಯಲ್ಲಿ ಉದ್ದುದ್ದನೆಯ ದಾರಗಳನ್ನು ಸೂಜಿಗಳ ಕಣ್ಣಿನಿಂದ ಹಾಯಿಸಿ, ಅಂಟಿನಲ್ಲಿ ಕಲಸಿದ ಕುಂಕುಮವನ್ನು ಬಳಿದು, ಹಗ್ಗದಂತೆ ಒಂದುಗೂಡಿಸಿ ಗೋಡೆ ನೆಲಗಳ ಮೇಲೆ ಹರಿಯಬಿಟ್ಟರು. ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೆಯೇ ತೂಗುವುದು. ಅದರಲ್ಲಿ ಹೊಲಿದ ಬಟ್ಟೆಯೇ ಇಲ್ಲ. ಇರುವುದು ದಾರವನ್ನು ಸೂಜಿಯ ಕಣ್ಣಿಗೆ ಕೊಡುವ ಮತ್ತು ಎಳೆಯುವ ಕ್ರಿಯೆ ಮಾತ್ರ. ಅವ್ವನಿಗೆ ಅದರ ಚಿತ್ರವನ್ನು ತೋರಿಸಿದಾಗ ಆಕೆ ಬಹಳ ಹೊತ್ತು ನೋಡಿ, “ಇಷ್ಟು ಪೋಣಿಸೂ ಮುಂದ ಬೆರಳು ಏನಾಗಿರಬೇಕು” ಎಂದಳು. ಕಲಾವಿಮರ್ಶಕರು ಬರೆದುದರಲ್ಲಿ ಇದಕ್ಕಿಂತ ನಾಟುವ ಮಾತನ್ನು ನಾನು ಓದಿಲ್ಲ.

ಗಿರಿಯ ಮೇಲಿನ ಗುಹೆಯಲ್ಲಿ ದತ್ತಾತ್ರೇಯನಿಗೂ ಬಾಬಾಬುಡನ್ನರಿಗೂ ನಡೆದುಕೊಳ್ಳುವವರ ಸಾಲಿನಲ್ಲಿ ನಾನೂ ನಿಂತೆನು. ಯೆಮನ್ನಿನಿಂದ ಏಳು ಕಾಫಿ ಬೀಜಗಳು ಈ ಬೆಟ್ಟಕ್ಕೆ ಬಂದ ಕಥೆಯನ್ನು ಕನ್ನಡಿಗರಿಗೆ ಮತ್ತೆ ಹೇಳಬೇಕಾಗಿಲ್ಲ. ಅಲ್ಲಿಂದ ಜೀಪಿನಲ್ಲಿ ಮಾಣಿಕ್ಯಧಾರೆಗೆ ಹೋದೆನು. ಮಣಿಮಣಿಯಾಗಿ ಬೀಳುವ ಆ ನೀರಿನಲ್ಲಿ ಮಿಂದವರು ಮೈಮೇಲಿನ ಒಂದು ಬಟ್ಟೆಯನ್ನು ಅಲ್ಲಿಯೇ ಬಿಟ್ಟುಬರುವ ರೂಢಿಯೊಂದು ಬೆಳೆದುಬಂದಿದೆ. ಬಟ್ಟೆಯೊಡನೆ ದೋಷವೂ ಕಳೆಯುವುದೆಂಬ ನಂಬಿಕೆ. ಕಲ್ಲಿನ ಸಂದುಗಳಲ್ಲಿಯೂ ಪೊದೆಗಳ ಮೇಲೆಯೂ ತೊಯ್ದು ಬಣ್ಣಗೆಟ್ಟ ಅಂಗಿ, ಲುಂಗಿ, ರವಿಕೆಗಳು. ಬೆಟ್ಟದ ದೃಷ್ಟಿಯಿಂದ ಅದು ಕಸ. ಸ್ವಯಂಸೇವಕರು ಮೂಟೆ ಕಟ್ಟಿ ಸಾಗಿಸುವುದುಂಟು, ಸಾಗಿಸುವುದೇ ಯುಕ್ತ. ಆದರೆ ಬೇಲಿಯ ಮುಳ್ಳಿಗೆ ಸಿಕ್ಕಿದ್ದ ಒಂದು ರವಿಕೆಯ ತೋಳಿನ ಮೇಲೆ, ಹರಿದ ಜಾಗಕ್ಕೆ ತೇಪೆ ಹಚ್ಚಿದವಳಾರೋ, ತೇಪೆ ಕಾಣದಿರಲೆಂದು ಅದೇ ಬಣ್ಣದ ದಾರವನ್ನು ಹಿಡಿಯುವ ಬದಲು, ಬೇಕೆಂದೇ ಹಳದಿಯ ದಾರದಲ್ಲಿ ಸುತ್ತಲೂ ಪುಟ್ಟ ಪುಟ್ಟ ಎಲೆಗಳನ್ನು ತೆಗೆದಿದ್ದಳು. ತೇಪೆಗೆ ಎಲೆ ಬೇಕಾಗಿರಲಿಲ್ಲ, ಅವಳಿಗೆ ಬೇಕಾಗಿತ್ತು. ಅದನ್ನು ಮುಟ್ಟಲು ಕೈಚಾಚಿ, ಯಾರದೋ ದೋಷವನ್ನು ಮೈಗೆ ಹಚ್ಚಿಕೊಂಡಂತಾದೀತೆಂಬ ಹಳೆಯ ಅಂಜಿಕೆಯಿಂದ ಹಿಂದಕ್ಕೆ ತೆಗೆದೆನು. ಓದಿದ ಹೆಂಗಸೆನ್ನಿಸಿಕೊಂಡ ನನಗೆ ಆ ಬಗ್ಗೆ ಆಮೇಲೆ ನಾಚಿಕೆಯಾಯಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಹಿಂದಿರುಗುವ ದಾರಿಯಲ್ಲಿ ಗಾಳಿ ತಿರುಗಿ ಮಂಜು ಹರಿಯಿತು. ಹೋಗುವಾಗ ಎಡೆಯಾಗಿ ಉಳಿದುದೆಲ್ಲ ಬರುವಾಗ ಒಂದೊಂದಾಗಿ ತುಂಬಿಕೊಂಡಿತು: ಶೋಲೆಯ ಕಾಡು ಕಣಿವೆಯ ಮಡಿಕೆಗಳಲ್ಲಿ ಮಾತ್ರ ಕಪ್ಪಾಗಿ ಇಳಿದಿರುವುದು, ಅದರ ಮೇಲೆ ಬೋಳು ಹುಲ್ಲಿನ ಏಣುಗಳು, ಹನ್ನೆರಡು ವರ್ಷಗಳಿಗೊಮ್ಮೆ ಹೂಬಿಡುವ ಕುರಿಂಜಿಯ ಪೊದೆಗಳು ಈ ವರ್ಷದ ಮಟ್ಟಿಗೆ ಬರಿಯ ಎಲೆಯಾಗಿ ನಿಂತಿರುವುದು.

ಅತ್ತಿಗುಂಡಿಯಲ್ಲಿ ಮತ್ತೆ ಇಳಿದೆನು. ಮುದುಕಿ ಕೌದಿಯನ್ನು ಅಂಗಡಿಯ ಮುಂದಿನ ಬಿದಿರಿನ ಗಳದ ಮೇಲೆ ಬಿಸಿಲಿಗೆ ಹರವಿದ್ದಳು. ಬೆಳಗ್ಗೆ ಮಬ್ಬಿನಲ್ಲಿ ಕಂದು ಬಣ್ಣದ ಮುದ್ದೆಯಾಗಿದ್ದುದು ಈಗ ಇಳಕಲ್ ಸೀರೆಯ ತುಂಡು, ಶಾಲೆಯ ಸಮವಸ್ತ್ರದ ನೀಲಿ, ತೋಟದ ಕೆಲಸದ ಅಂಗಿಯ ಚೌಕಳಿ ಎಂದು ಬಿಡಿಬಿಡಿಯಾಗಿ ಕಂಡಿತು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಒಳಮುಖವಾಗಿ ಸುತ್ತಿ ಸುತ್ತಿ ಹೊಲಿದು, ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋಣವಾಗಿ ಮಡಚಿದ ‘ಫೂಲ’ಗಳನ್ನು ಇಡುವರು, ಅದಿಲ್ಲದ ಕೌದಿ ಅವರ ಪಾಲಿಗೆ ಪೂರ್ತಿಯಾದುದಲ್ಲ. ಈಕೆಯ ಕೌದಿಯಲ್ಲಿ ಅಂಥದೇನೂ ಇರಲಿಲ್ಲ. ಆದರೆ ಸಾಲುಸಾಲಾದ ಬಿಳಿಯ ಹೊಲಿಗೆಯ ನಡುವೆ, ಚೌಕಳಿಯ ಅಂಗಿಯ ತುಂಡಿನ ಸುತ್ತ ಮಾತ್ರ, ಕೆಂಪು ದಾರ ಎರಡು ಸುತ್ತು ಬಂದಿದ್ದಿತು. “ಬಿಳಿ ದಾರ ತೀರಿತ್ತೇನು?” ಎಂದು ಕೇಳಿದೆನು. “ಇಲ್ರಿ, ಇತ್ತು” ಎಂದಳು. ಅಷ್ಟೇ. ಆ ಅಂಗಿ ಯಾರದೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹುಡುಗಿ ಬೆಟ್ಟದ ಮೇಲೆಲ್ಲ ಅಲೆದು ಬಂದು ಅದೇ ಬೆಂಚಿನಲ್ಲಿ ಕುಳಿತಿದ್ದಳು. ಈಗ ಮುಳ್ಳಯ್ಯನಗಿರಿಯ ಸಾಲು ಕಣ್ಣೆದುರಿಗೇ ಇದೆಯಲ್ಲ, ಬಿಳಿಯದನ್ನು ಬಿಚ್ಚಿ ಬೆಟ್ಟವನ್ನು ಹೊಲಿಯಬಹುದಲ್ಲ ಎಂದೆನು. “ಬೆಳಗ್ಗೆ ಕಂಡಿದ್ದು ಅದೇ ತಾನೇ? ಬಿಚ್ಚಲ್ಲ” ಎಂದಳು. ಎಣಿಕೆಯಿಲ್ಲದ ಸ್ವಾತಂತ್ರ್ಯದಲ್ಲಿ ನನಗೆ ಈಗಲೂ ಪೂರ್ತಿ ನಂಬಿಕೆಯಿಲ್ಲ. ಆನೆ ಎತ್ತ ಮುಖ ಮಾಡಬೇಕು, ತೇರಿನ ಮುಂದೆ ಹಂಸವೋ ಗಿಳಿಯೋ, ಕಿತ್ತಳೆಯ ಪಕ್ಕದಲ್ಲಿ ಹಸಿರು ಬರಬೇಕೋ ನೇರಳೆಯೋ ಎಂಬ ಇಷ್ಟೇ ಎಡೆಯೊಳಗೆ ನಮ್ಮ ಅಜ್ಜಿಯರು ತಮ್ಮ ಸ್ವಭಾವವನ್ನೆಲ್ಲ ಹೇಳಿ ಹೋಗಿರುವರು; ಅವರ ಸೀರೆಗಳನ್ನು ಕಂಡರೆ ಯಾರದು ಯಾವುದೆಂದು ನಾನು ಈಗಲೂ ಹೇಳಬಲ್ಲೆ. ಇದನ್ನು ಆಕೆಗೆ ಹೇಳಿದೆನು. ಆಕೆ ಕೇಳಿಸಿಕೊಂಡು, “ನಿಮ್ಮದು ತೋರಿಸಿ” ಎಂದಳು.

ಹೀಗೆ ಆ ಕುಂಚಿಗೆ ಅತ್ತಿಗುಂಡಿಯ ಬಿಸಿಲಿಗೆ ಬಂದಿತು. ಸೂಜಿ ಅದರಲ್ಲಿಯೇ ಇದ್ದಿತು, ಸ್ವಲ್ಪ ತುಕ್ಕು ಹಿಡಿದಿತ್ತು. ಹುಡುಗಿ ತನ್ನದೊಂದನ್ನು ಕೊಟ್ಟಳು. ವೃಂದಾವನದ ಬುಡದಿಂದ ಅವ್ವನ ಸೂಜಿ ಹೋದ ದಾರಿಯನ್ನೇ ಹಿಡಿದು, ನಾಲ್ಕೆಳೆಗೊಂದರಂತೆ ಎಡೆಗಳನ್ನು ತುಂಬುತ್ತ ಹಿಂದಿರುಗತೊಡಗಿದೆನು. ಮೊದಲನೆಯ ಮೆಟ್ಟಿಲು ಕೂಡಿತು, ಎರಡನೆಯದೂ ಕೂಡಿತು. ಮೂರನೆಯ ಮೆಟ್ಟಿಲಿನ ತಿರುವಿನಲ್ಲಿ ಸೂಜಿ ನಿಂತಿತು. ಎರಡು ಬಾರಿ ಎಣಿಸಿದೆನು, ಹುಡುಗಿಯಿಂದಲೂ ಎಣಿಕೆ ಮಾಡಿಸಿದೆನು: ಅವ್ವ ಅಲ್ಲಿ ನಾಲ್ಕರ ಬದಲಿಗೆ ಐದೆಳೆ ಬಿಟ್ಟಿದ್ದಳು. ಪೊರೆ ಅಂದಿಗೇ ಆರಂಭವಾಗಿತ್ತು. ಆಕೆ ನಮಗೆ ಹೇಳಿರಲಿಲ್ಲ. ಅಲ್ಲಿಂದ ಮುಂದಿನದೆಲ್ಲ ಒಂದೆಳೆ ಪಕ್ಕಕ್ಕೆ ಸರಿದಿತ್ತು. ಎಣಿಕೆ ತಪ್ಪಿದರೆ ತಪ್ಪಿದಲ್ಲಿಯವರೆಗೂ ಬಿಚ್ಚಬೇಕೆಂಬುದು ಆಕೆಯೇ ನನಗೆ ಕಲಿಸಿದ ನಿಯಮ. ಎಂಟು ವರ್ಷದವಳಿದ್ದಾಗ ಒಂದೇ ಆನೆಯನ್ನು ಆರು ಸಲ ಬಿಚ್ಚಿಸಿದ ಕೈ ಅದು. ಚೀಲದಲ್ಲಿ ಕತ್ತರಿಯೂ ಇದ್ದಿತು.

ಐದೆಳೆಯ ಎಡೆಗೆ ಐದೆಳೆಯ ಹೊಲಿಗೆಯನ್ನೇ ಹಾಕಿ ಮುಂದಿನ ಮೆಟ್ಟಿಲಿಗೆ ಹೋದೆನು. ಬಸ್ಸು ಬಂದಾಗ ಚಹ ಆರಿ ಕೆನೆಗಟ್ಟಿತ್ತು. ಬಸ್ಸಿನಲ್ಲಿಯೂ ಒಂದೆರಡು ತಿರುವುಗಳವರೆಗೆ ಹೊಲಿದೆನು. ಕೈಮರ ಬರುವಷ್ಟರಲ್ಲಿ ಎಳೆಯೆಣಿಸುವಷ್ಟು ಬೆಳಕು ಉಳಿದಿರಲಿಲ್ಲ. ಸೂಜಿಯನ್ನು ಬಟ್ಟೆಗೇ ಚುಚ್ಚಿ, ಮಡಚದೆ, ಹಾಗೆಯೇ ತೊಡೆಯ ಮೇಲೆ ಇಟ್ಟುಕೊಂಡೆನು.